ಮನೆಗೆ ಅಂತ ಕೂಡಿಟ್ಟ 6 ಲಕ್ಷ ಎಲ್ಲಿಡಲಿ? ಎರಡು ವರ್ಷ ಟೈಮಿದೆ

ನಿಟ್ಟುವಳ್ಳಿ ಬಾಡಿಗೆದಾರ:
ದಾವಣಗೆರೆಯಲ್ಲೇ 40 ಲಕ್ಷದೊಳಗೆ ಒಂದು ಮನೆ ತಗೋಬೇಕು ಅಂತ ನಾನೂ ಹೆಂಡತಿಯೂ ಕೂಡಿಡುತ್ತಿದ್ದೇವೆ. ಕೈಯಲ್ಲಿ 6 ಲಕ್ಷ ಇದೆ, ಸುಮ್ನೆ ಸೇವಿಂಗ್ಸ್ ಖಾತೆಯಲ್ಲಿ ಬಿದ್ದಿದೆ. ತಿಂಗಳಿಗೆ ಇನ್ನೂ 15 ಸಾವಿರ ಸೇರಿಸಬಹುದು. ಮಾವ ಚೀಟಿ ಹಾಕು ಅಂತಾರೆ, ಗೆಳೆಯ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟೋದು) ಅಂತಾನೆ. ನಮ್ಮ ರಸ್ತೆಯ ಸೊಸೈಟಿಯವರು 10% ಬಡ್ಡಿ ಅಂತ ಬೋರ್ಡು ಹಾಕಿದ್ದಾರೆ, ದಿನಾ ಅದೇ ಕಣ್ಣಿಗೆ ಬೀಳುತ್ತೆ. ಏನು ಮಾಡಲಿ?

ಮಂಡಿಪೇಟೆಯವ:
ಅಂಥದ್ದೇ ಬೋರ್ಡು ನೋಡಿ ನಾನು 3 ಲಕ್ಷ ಇಟ್ಟಿದ್ದೆ. ಹೆಸರು ಬೇಡ ಬಿಡಿ. ಮೊದಲ ವರ್ಷ ಬಡ್ಡಿ ಸರಿಯಾಗಿ ಬಂತು, ದೀಪಾವಳಿಗೆ ಸ್ವೀಟ್ ಬಾಕ್ಸೂ ಬಂತು. ತಂಗಿ ಮದುವೆಗೆ ದುಡ್ಡು ಕೇಳೋಕೆ ಹೋದರೆ "ಮುಂದಿನ ಸೋಮವಾರ ಬನ್ನಿ ಅಣ್ಣಾ" ಅಂದರು. ಎಷ್ಟು ಸೋಮವಾರ ಹೋದೆನೋ ಲೆಕ್ಕವಿಲ್ಲ, ಕೊನೆಗೆ ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದ ಹುಡುಗನೂ ಫೋನ್ ಎತ್ತೋದು ಬಿಟ್ಟ. ಇನ್ನೂ 1.4 ಲಕ್ಷ ಬರಬೇಕು. ಬಾಂಡು ಬೀರುವಿನಲ್ಲಿದೆ, ನಮ್ಮಮ್ಮ ಅರಿಶಿನ ಹಚ್ಚಿ ಪೂಜೆ ಮಾಡಿಟ್ಟಿದ್ದು.

ರಿಟೈರ್ಡ್ ಕ್ಯಾಷಿಯರ್:
ಬ್ಯಾಂಕಿನಲ್ಲಿ ಇಟ್ಟರೆ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ಕ್ಕೆ ಮುಂಚೆ 1 ಲಕ್ಷ ಇತ್ತು. ಪತ್ತಿನ ಸಂಘ, ಸೌಹಾರ್ದ ಸೊಸೈಟಿಗೆ ಈ ವಿಮೆ ಇಲ್ಲ. 6 ಲಕ್ಷವನ್ನು ಎರಡು ಬ್ಯಾಂಕಿಗೆ ಹಂಚಿ ಎಫ್‌ಡಿ ಮಾಡಿ. ಒಂದೇ ಬಾಂಡು ಬೇಡ, ಒಂದೊಂದು ಲಕ್ಷದ ಆರು ಮಾಡಿಸಿ, ನಡುವೆ ಟೋಕನ್ ಅಡ್ವಾನ್ಸ್ ಕೊಡಬೇಕಾಗಿ ಬಂದರೆ ಒಂದನ್ನು ಮುರಿದರೆ ಸಾಕು. 15 ಸಾವಿರಕ್ಕೆ ಬ್ಯಾಂಕಿನಲ್ಲೇ ಎರಡು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟೋ ಠೇವಣಿ. ಅಂಚೆ ಆರ್‌ಡಿ 5 ವರ್ಷದ್ದು, 3 ವರ್ಷ ಆಗದೆ ಮುಚ್ಚೋಕೆ ಬರಲ್ಲ.

ಆಮೇಲೆ ಲೆಕ್ಕ ಇನ್ನೊಂದು ಸಲ ಹಾಕಿ. ಸಾಲ 30 ಲಕ್ಷ ದಾಟಿದರೆ ಬ್ಯಾಂಕು ಮನೆ ಬೆಲೆಯ 80% ಮಾತ್ರ ಕೊಡೋದು. 40 ಲಕ್ಷದ ಮನೆಗೆ ನಿಮ್ಮ ಕೈಯಿಂದ 8 ಲಕ್ಷ. ಸ್ಟಾಂಪ್ ಡ್ಯೂಟಿ ಸೆಸ್ ಸೇರಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ, ಅಲ್ಲಿಗೆ ಇನ್ನೂ 3 ಲಕ್ಷ. ಇದು ಸಾಲದಲ್ಲಿ ಬರಲ್ಲ. ಒಟ್ಟು 11 ಲಕ್ಷ ಬೇಕು. ನಿಮ್ಮದು ಬಡ್ಡಿ ಸೇರಿದರೂ ಹತ್ತೂವರೆ ಆಸುಪಾಸು ನಿಲ್ಲುತ್ತೆ.

ವಿದ್ಯಾನಗರ:
ಚೀಟಿ ಅಂದ್ರೆ ಎಲ್ಲಾ ಮೋಸ ಅಲ್ಲ ಸಾರ್, ಎಂಎಸ್‌ಐಎಲ್ ಚೀಟಿ ಸರ್ಕಾರದ್ದೇ. ಆದರೆ ಅರ್ಜೆಂಟಿಗೆ ಬೇಗ ಎತ್ತಿದರೆ ಹರಾಜಿನಲ್ಲಿ ಬಿಟ್ಟುಕೊಡೋ ದುಡ್ಡು ಜಾಸ್ತಿ. ಎಸ್‌ಐಪಿ ನಾನೂ ಕಟ್ಟುತ್ತೇನೆ, ಮಗಳ ಓದಿಗೆ. ಎರಡು ವರ್ಷದ ದುಡ್ಡನ್ನು ಅಲ್ಲಿ ಹಾಕಲ್ಲ. 2020ರ ಮಾರ್ಚಿನಲ್ಲಿ ಮಾರ್ಕೆಟ್ ಹೇಗೆ ಕುಸಿಯಿತು ನೆನಪಿದೆ ಅಲ್ವಾ?

ನಿಟ್ಟುವಳ್ಳಿ ಬಾಡಿಗೆದಾರ:
ನೋಂದಣಿ ಖರ್ಚು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸೋಮವಾರ ಎಫ್‌ಡಿ ಮಾಡಿಸುತ್ತೇನೆ, ಎರಡು ಬ್ಯಾಂಕಿನಲ್ಲಿ ಮೂರು ಮೂರು. ಇನ್ನು ಮಾವನಿಗೆ ಚೀಟಿ ಬೇಡ ಅಂತ ಹೇಗೆ ಹೇಳೋದೋ, ಆ ಚೀಟಿ ನಡೆಸೋದೇ ಅವರು.