ಇಳಕಲ್ ಸೀರಿ ಬಣ್ಣ ಕಾಗದದ ಮ್ಯಾಲ ಬಂದ್ರ ರಾಡಿ ಯಾಕ ಆಗತಾವ?

ಮಸಾರಿ_ಹೊಲ (ಬಾಗಲಕೋಟೆ)

ದಿನಕ್ಕೊಂದು ಸಣ್ಣ ಕಾರ್ಡ್ ಬಣ್ಣದಾಗ ಮಾಡೂದು ಅಂತ ಲೆಕ್ಕ. ಎ4 ಹಾಳಿ ನಾಲ್ಕು ತುಂಡು ಮಾಡಿದ್ರ ಒಂದೊಂದು ಸುಮಾರು 10.5 × 14.8 ಸೆಂ.ಮೀ. ಆಗತೈತಿ, ಒಂದಕ್ಕ 20 ನಿಮಿಷ. ಸಾಮಾನು: 12 ಟ್ಯೂಬಿನ ಶಾಲಿ ಮಕ್ಕಳ ಜಲವರ್ಣದ ಡಬ್ಬಿ, 6 ಮತ್ತು 10ನೇ ನಂಬರಿನ ದುಂಡು ಬ್ರಷ್, 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ ತೂಗೂ) ಕಾಗದ.

ಮೊಬೈಲ್‌ನಾಗಿನ ಚಿತ್ರ ನೋಡಿ ನಕಲು ಮಾಡೂದು ಬ್ಯಾಡ, ನಮ್ಮ ಕಡೆ ಇರೂದ್ರಾಗಿಂದ ಬಣ್ಣ ತಗೋಬೇಕು: ಇಳಕಲ್ ಸೀರಿ, ಗುಳೇದಗುಡ್ಡದ ಖಣ, ಕುಸುಬಿ ಹೂ, ಬಾದಾಮಿ ಕಡೆ ಕೆಂಪು ಮಣ್ಣು. ಆದ್ರ ಸೀರಿಯೊಳಗ ಉರಿಯೋ ಬಣ್ಣ ಕಾಗದದ ಮ್ಯಾಲ ಸಪ್ಪಗಾಗತಾವ. ಎರಡು ಬಣ್ಣ ಕೂಡಿಸಿದ್ರ ಛಲೋ, ಮೂರನೇದ್ದು ಬಿತ್ತಂದ್ರ ರಾಡಿ. ಈ ಬಿಸಲಾಗ ಅರ್ಧ ಆಕಾಶ ಬಳಿಯೂದ್ರಾಗ ಉಳದರ್ಧ ಒಣಗಿ ಗೆರಿ ಬೀಳತೈತಿ. ಇನ್ನೊಂದು, ಮಸಾರಿ ಮಣ್ಣಿಂದ, ಎರಿ ಮಣ್ಣಿಂದ ಮನ್ಯಾಗ ಬಣ್ಣ ಮಾಡ್ಕೋಬಹುದೇನ್ರಿ? ಅಳತಿ ಸಮೇತ ಹೇಳ್ರಿ.

ಹಾಸು_ಹೊಕ್ಕು (ಇಳಕಲ್)

ಸೀರಿ ವಿಷಯ ಅಷ್ಟ ಹೇಳ್ತೀನ್ರಿ. ರಾಡಿ ಯಾಕ ಆಗತೈತಿ ಅನ್ನೂದನ್ನ ಅದನ್ನ ಬಲ್ಲವ್ರು ಹೇಳ್ಲಿ.

ಕೆಂಪು, ನೀಲಿ, ಬಿಳಿ ಅಂತ ಬಣ್ಣದ ಹೆಸರು ಬರಕೊಂಡ್ರ ಸೀರಿ ಕೈಗೆ ಸಿಗೂದಿಲ್ಲ. ಯಾವ ಬಣ್ಣ ಎಷ್ಟು ಜಾಗಾ ಹಿಡದೈತಿ ಅನ್ನೂದ್ರಾಗ ಎಲ್ಲಾ ಐತಿ. ಸೀರಿ ಪೂರ್ತಿ ಹಾಸಿ ಫೋಟೋ ತಗದು, ಅದರ ಮ್ಯಾಲ ಅಡ್ಡ 10, ಉದ್ದ 10 ಮನಿ ಬರೂಹಂಗ ಗೆರಿ ಎಳೀರಿ. ಒಟ್ಟು 100 ಮನಿ. ಒಡಲಿಗೆ ಎಷ್ಟು, ದಡಿಗೆ ಎಷ್ಟು, ಸೆರಗಿನ ಕೆಂಪಿಗೆ ಎಷ್ಟು, ಬಿಳಿಗೆ ಎಷ್ಟು ಅಂತ ಎಣಸ್ರಿ. ಒಡಲು 70 ಮನಿ ಬಂತಂದ್ರ ಕಾರ್ಡಿನಾಗೂ ಆ ಬಣ್ಣ 70 ಪಾಲು ಇರ್ಲಿ. ಹೊಸದಾಗಿ ಶುರು ಮಾಡಿದವ್ರು ಎಲ್ಲಾ ಬಣ್ಣಕ್ಕೂ ಸಮ ಪಾಲು ಕೊಡ್ತಾರ. ಆಗ ಒಂದಕ್ಕೊಂದು ಜಗಳಾಡತಾವ, ಯಾವುದೂ ಗೆಲ್ಲೂದಿಲ್ಲ.

ಬಣ್ಣ ಹೊಂದಸೂದು ಫೋಟೋ ನೋಡಿ ಅಲ್ಲ, ಸೀರಿ ನೋಡಿ. ಮೊಬೈಲ್ ಕ್ಯಾಮೆರಾ ಕೆಂಪನ್ನ ಉಬ್ಬಸ್ತೈತಿ, ಟ್ಯೂಬ್‌ಲೈಟಿನಾಗ ನೀಲಿ ಬ್ಯಾರೆನ ಕಾಣತೈತಿ. ಬೂದು ಬಣ್ಣದ ರಟ್ಟಿನಾಗ 1 ಸೆಂ.ಮೀ. ಚೌಕದ ತೂತು ಕೊರದು ಸೀರಿ ಮ್ಯಾಲ ಇಡ್ರಿ. ತೂತಿನೊಳಗಿನ ಬಣ್ಣ ಅಷ್ಟ ಕಾಣತೈತಿ, ಮಗ್ಗಲದ ಬಣ್ಣ ಕಣ್ಣಿಗೆ ಮೋಸ ಮಾಡೂದಿಲ್ಲ. ಒಂದು ಕಾಗದದ ಪಟ್ಟಿ ಮ್ಯಾಲ ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮ್ಯಾಲ ತೂತಿನ ಬದಿಗೆ ಹಿಡದು ನೋಡ್ರಿ. ಹಸಿ ಇದ್ದಾಗ ನೋಡಿದ್ರ ತಪ್ಪತೈತಿ, ಜಲವರ್ಣ ಒಣಗಿದ್ರ ಒಂದು ಮೆಟ್ಟಲಾ ತಿಳಿ ಆಗತೈತಿ.

ಈ ಮಗ್ಗಲದ ಬಣ್ಣದ ಮೋಸ ಸಣ್ಣದಲ್ಲರಿ. ಪ್ಯಾರಿಸ್ಸಿನ ಗೊಬೆಲಾ ಚಿತ್ರನೇಯ್ಗೆ ಕಾರ್ಖಾನ್ಯಾಗ ಕರಿ ನೂಲು ಮಂಕಾಗಿ ಕಾಣತೈತಿ ಅಂತ ತಕರಾರು ಬಂದಾಗ, ಅಲ್ಲಿ ಬಣ್ಣದ ವಿಭಾಗ ನೋಡ್ಕೊಳ್ಳೋ ರಸಾಯನಶಾಸ್ತ್ರಜ್ಞ ಷೆವ್ರಲ್ ತಪಾಸಣಿ ಮಾಡಿದ. ನೂಲಿನ ಬಣ್ಣದಾಗ ದೋಷ ಇರ್ಲಿಲ್ಲ, ಬಾಜೂಕಿದ್ದ ನೀಲಿ, ನೇರಳೆ ನೂಲು ಕರಿಯನ್ನ ಕೆಡಸಿದ್ವು. 1839ರಾಗ ಅದನ್ನ ಪುಸ್ತಕ ಮಾಡಿ ಪ್ರಕಟಿಸಿದ. ನಿಮ್ಮ ಸೆರಗಿನ ಕೆಂಪು ಸಪ್ಪಗಾದ್ರ ಮೊದಲು ಕೆಂಪು ಟ್ಯೂಬನ್ನ ಬೈಬ್ಯಾಡ್ರಿ, ಅದರ ಬಾಜೂಕ ಏನು ಬಳದೀರಿ ನೋಡ್ರಿ. ಕೇಸರಿ ಬಾಜೂಕ ಇಟ್ರ ಕೆಂಪು ಸಾಯತೈತಿ. ಅದ ಕೆಂಪಿಗೆ ಮಂಕು ಹಸರು ಇಲ್ಲಾ ಕಪ್ಪು ನೀಲಿ ಕೊಟ್ರ ಎದ್ದು ಕುಂದ್ರತೈತಿ.

ಟೋಪ್ ತೆನಿ (ಇಳಕಲ್ ಸೀರಿಯ ಕೆಂಪು-ಬಿಳಿ ಹಲ್ಲಿನ) ಸೆರಗಿನ ಬಿಳಿಗೆ ಬಿಳಿ ಬಣ್ಣ ಹಚ್ಚೂದು ಬ್ಯಾಡ, ಕಾಗದನ ಬಿಡ್ರಿ. ಕೆಂಪು ಬಿಳಿ ಕೂಡೂ ಕಡೆ ತೆನಿ ಹಲ್ಲು ಒಂದರಾಗೊಂದು ಹೊಕ್ಕಿರತಾವಲ್ಲ, ಆ ಅಂಚು ಚೂಪಾಗಿ ಬರ್ಬೇಕು. ಅಲ್ಲಿ ನೀರು ಹರದು ಕಲಸಿದ್ರ ತೆನಿ ಹೋಗಿ ಗುಲಾಬಿ ಕಲಿ ಉಳೀತೈತಿ.

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರೂ ಬಟ್ಟಿ ತಿರಗಿಸಿದಂಗ ಬಣ್ಣ ಬದಲಾಗತೈತಿ. ಅದನ್ನ ತಟ್ಟ್ಯಾಗ ಕಲಸಿ ತರಾಕ ಹೋಗಬ್ಯಾಡ್ರಿ. ಸಣ್ಣ ಬ್ರಷ್‌ಲೇ 1 ಮಿ.ಮೀ. ಅಂತರದಾಗ ಉದ್ದ ಕೆಂಪು ಗೆರಿ ಎಳೀರಿ, ಒಣಗ್ಲಿ, ಅಡ್ಡ ನೀಲಿ ಗೆರಿ ಎಳೀರಿ. ಎರಡು ಮೀಟರ್ ದೂರ ನಿಂತ್ರ ಕಣ್ಣ ಕಲಸ್ತೈತಿ. ಎರಡೂ ಬಣ್ಣ ಒಂದ ಮಟ್ಟದ ಕಪ್ಪು ಇರ್ಬೇಕು. ಒಂದು ತಿಳಿ ಒಂದು ಗಾಢ ಆದ್ರ ಚೌಕಳಿ ಲುಂಗಿ ಆಗತೈತಿ, ಅಷ್ಟ.

ಕರಿಕಲ್ಲು_ಗುಮ್ಮಟ (ವಿಜಯಪುರ)

ರಾಡಿಗೆ ಕಾರಣ ಎರಡು, ಎರಡೂ ಬೇರೆ ಬೇರೆ. ಒಂದು ಬಣ್ಣದ್ದು, ಇನ್ನೊಂದು ನೀರಿನದ್ದು.

ಮೊದಲು ಬಣ್ಣದ್ದು. ಕೆಂಪು, ಹಳದಿ, ನೀಲಿ ಮೂರೂ ಒಂದೇ ಕಡೆ ಕೂಡಿದರೆ ಕಂದು ಬರುತ್ತದೆ. "ನಾನು ಎರಡೇ ಕೂಡಿಸಿದ್ದು" ಎಂದು ನಿಮಗೆ ಅನ್ನಿಸಬಹುದು, ಆದರೆ ಟ್ಯೂಬಿನೊಳಗೆ ಮೂರನೆಯದು ಅಡಗಿರುತ್ತದೆ. ವರ್ಮಿಲಿಯನ್ ಎಂದು ಬರೆದ ಕೆಂಪಿನಲ್ಲಿ ಹಳದಿಯ ಎಳೆ ಇದೆ. ಅದಕ್ಕೆ ಅಲ್ಟ್ರಾಮರೀನ್ ನೀಲಿ ಹಾಕಿದರೆ ನೇರಳೆ ಬರುವುದಿಲ್ಲ, ಹುರಿದ ಬದನೆಕಾಯಿ ಸಿಪ್ಪೆ ಬರುತ್ತದೆ. ಹಸಿ ಬದನೆಕಾಯಿ ನೇರಳೆ ಬೇಕಾದರೆ ಗುಲಾಬಿಯ ಕಡೆ ವಾಲುವ ಕೆಂಪು ಬೇಕು. ಹಾಗೆಯೇ ಲೆಮನ್ ಯೆಲ್ಲೋಗೆ ಥ್ಯಾಲೋ ನೀಲಿ (ಹಸಿರಿನ ಕಡೆ ವಾಲುವ ಬಲವಾದ ನೀಲಿ) ಕೂಡಿದರೆ ಗಿಳಿ ಹಸಿರು. ಕಿತ್ತಳೆಯ ಕಡೆ ವಾಲುವ ಹಳದಿಗೆ ಅಲ್ಟ್ರಾಮರೀನ್ ಕೂಡಿದರೆ ಮಂಕು ಹಸಿರು. ಎರಡನೆಯದು ತಪ್ಪಲ್ಲ, ಒಣಗುತ್ತಿರುವ ಜೋಳದ ಎಲೆಗೆ ಅದೇ ಸರಿ.

ಟ್ಯೂಬಿನ ಹಿಂದೆ ಪಿಗ್ಮೆಂಟ್ ಸಂಕೇತ ಇದ್ದರೆ ಓದಿ. ಒಂದೇ ಸಂಕೇತ ಇದ್ದರೆ ಒಂದೇ ವರ್ಣದ್ರವ್ಯ, ಮೂರು ಸಂಕೇತ ಇದ್ದರೆ ಅದು ಮೊದಲೇ ಕಲಸಿದ ಬಣ್ಣ. 12 ಟ್ಯೂಬಿನಲ್ಲಿ 8 ಎತ್ತಿಡಿ. ನಾಲ್ಕೇ ಸಾಕು: ಗುಲಾಬಿ ಕೆಂಪು (ಪಿವಿ 19 ಅಥವಾ ಪಿಆರ್ 122), ಅಲ್ಟ್ರಾಮರೀನ್ (ಪಿಬಿ 29), ಲೆಮನ್ ಯೆಲ್ಲೋ (ಪಿವೈ 3), ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು). ಇವು ಡಬ್ಬಿಯಲ್ಲಿ ಇಲ್ಲದಿದ್ದರೆ ಬಿಡಿ ಟ್ಯೂಬ್ ತನ್ನಿ. ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಕೂಡಿದರೆ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ಮಳೆಮೋಡ, ಸಿಯೆನ್ನಾ ಹೆಚ್ಚಾದರೆ ನಮ್ಮ ಗೋಳಗುಮ್ಮಟದ ಕರಿಕಲ್ಲಿನ ನೆರಳು. ಡಬ್ಬಿಯ ಕಪ್ಪಿನಿಂದ ಮಾಡಿದ ಬೂದು ಇವೆರಡರ ಮುಂದೆ ಸೀಸದ ಹಾಗೆ ನಿರ್ಜೀವ.

ಬಿಳಿ ಟ್ಯೂಬಿನ ಬಗ್ಗೆಯೂ ಒಂದು ಮಾತು. ತಿಳಿ ಮಾಡಲು ಬಿಳಿ ಕಲಸಿದರೆ ಬಣ್ಣ ಸುಣ್ಣ ಹೊಡೆದ ಹಾಗೆ ತಣ್ಣಗಾಗುತ್ತದೆ. ಪಾರದರ್ಶಕ ಬಣ್ಣದ ಮೂಲಕ ಬೆಳಕು ಹೋಗಿ ಕಾಗದದ ಬಿಳಿಗೆ ತಾಗಿ ಹಿಂದೆ ಬರುವುದರಿಂದಲೇ ಅದು ಉರಿಯುತ್ತದೆ. ಬಿಳಿ ಪುಡಿ ಆ ದಾರಿ ಮುಚ್ಚುತ್ತದೆ. ತಿಳಿ ಬೇಕೆಂದರೆ ನೀರು ಹೆಚ್ಚಿಸಿ.

ಪ್ರಯೋಗ ಹೀಗೆ ಮಾಡಿ: ಎರಡು ಬಣ್ಣ ಆರಿಸಿ, 2 ಸೆಂ.ಮೀ.ಯ 7 ಮನೆ ಎಳೆಯಿರಿ. ಮೊದಲ ಮನೆ ಒಂದು ಬಣ್ಣ, ಕೊನೆಯದು ಇನ್ನೊಂದು, ನಡುವಿನ ಐದು ಮಿಶ್ರಣ. ಯಾವಾಗಲೂ ದುರ್ಬಲ ಬಣ್ಣದಿಂದ ಶುರು ಮಾಡಿ, ಬಲವಾದದ್ದನ್ನು ಬ್ರಷ್ ತುದಿಯಲ್ಲಿ ಸೇರಿಸಿ. ಹಳದಿಗೆ ಥ್ಯಾಲೋ ಹನಿ ಸಾಕು, ಥ್ಯಾಲೋಗೆ ಹಳದಿ ಸುರಿದರೆ ಅರ್ಧ ಟ್ಯೂಬ್ ಖಾಲಿ. ನಾಲ್ಕು ಬಣ್ಣಕ್ಕೆ ಆರು ಜೋಡಿ, ದಿನಕ್ಕೊಂದು ಜೋಡಿ ಎಂದರೆ ಆರು ದಿನದ ಕಾರ್ಡ್ ಅಲ್ಲೇ ಆಯಿತು. "ಇವತ್ತು ಏನು ಬಿಡಿಸಲಿ" ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಪಟ್ಟಿಯಲ್ಲಿ ಕಣ್ಣಿಗೆ ಹಿಡಿಸಿದ ಮನೆಯೇ ಮರುದಿನದ ಚಿತ್ರಕ್ಕೆ ಮೂಲ.

ಇನ್ನು ನೀರಿನದ್ದು. ಬಳಿದ ಬಣ್ಣ ಅರೆ ಒಣಗಿದಾಗ ಅದರ ಮೇಲೆ ಹೆಚ್ಚು ನೀರಿನ ಬ್ರಷ್ ಇಟ್ಟರೆ ಹೂಕೋಸಿನ ಅಂಚಿನಂಥ ಕಲೆ ಬೀಳುತ್ತದೆ. ಮತ್ತೆ ತಿದ್ದಲು ಹೋದರೆ ಕೆಳಗಿನ ಪದರ ಎದ್ದು ಮೇಲಿನದರಲ್ಲಿ ಕಲಸಿ ರಾಡಿ. ಕೈಯ ಹಿಂಬದಿ ಕಾಗದಕ್ಕೆ ತಾಗಿಸಿ, ತಣ್ಣಗಿದ್ದರೆ ಇನ್ನೂ ಹಸಿ, ಬಿಡಿ. ಒಂದು ಜಾಗಕ್ಕೆ ಬ್ರಷ್ ಮೂರು ಸಲಕ್ಕಿಂತ ಹೆಚ್ಚು ಹೋಗಬಾರದು.

ನಮ್ಮ ಬೇಸಿಗೆಗೆ 200 ಜಿಎಸ್ಎಂ ಸಾಲದು, 300 ತನ್ನಿ. ಆಕಾಶದಂಥ ದೊಡ್ಡ ಜಾಗ ಇದ್ದರೆ ಕಾಗದದ ಎರಡೂ ಬದಿ ನೆನೆಸಿ ಗಾಜು ಅಥವಾ ಅಕ್ರಿಲಿಕ್ ಹಲಗೆಗೆ ಅಂಟಿಸಿ. ಕೆಳಗಿನಿಂದ ಒಣಗುವುದಿಲ್ಲ, ಒಂದೇ ಹದದಲ್ಲಿ ಕೆಲಸ ಮಾಡಲು ಸಮಯ ಸಿಗುತ್ತದೆ. ಫ್ಯಾನ್ ಬಂದ್ ಮಾಡಿ, ಆಗದಿದ್ದರೆ ಬೆಳಿಗ್ಗೆ 9ರೊಳಗೆ ಮುಗಿಸಿ. ಬಳಿಯುವ ಬಣ್ಣವನ್ನು ಮೊದಲೇ ಬೇಕಾದ್ದಕ್ಕಿಂತ ಎರಡು ಪಟ್ಟು ಕಲಸಿಟ್ಟುಕೊಳ್ಳಿ. ನಡುವೆ ಕಲಸಲು ನಿಂತರೆ ಅಷ್ಟರಲ್ಲಿ ಗೆರೆ ಬಿದ್ದಿರುತ್ತದೆ. ಒಂದು ಲೋಟ ನೀರಿಗೆ ಎರಡು ಮೂರು ಹನಿ ಗ್ಲಿಸರಿನ್ ಹಾಕಿದರೂ ನಿಧಾನ ಒಣಗುತ್ತದೆ, ಜಾಸ್ತಿ ಹಾಕಿದರೆ ಕಾರ್ಡ್ ಅಂಟಂಟು.

ಅಂಟಿನುಂಡಿ (ಬೆಳಗಾವಿ)

ಮಣ್ಣಿನ ಬಣ್ಣ ನನ್ನ ಪಾಲಿಗೆ ಬಿಡ್ರಿ.

ಮಸಾರಿ ಆಗತೈತಿ, ಎರಿ ಆಗೂದಿಲ್ಲ. ಮಸಾರಿಯ ಕೆಂಪು ಕಬ್ಬಿಣದ ಆಕ್ಸೈಡಿಂದು, ಬಿಸಲಿಗೆ ಮಾಸೂದಿಲ್ಲ. ಎರಿ ಮಣ್ಣು ಹೊಲದಾಗ ಏನು ಮಾಡತೈತೋ ಕಾಗದದ ಮ್ಯಾಲೂ ಅದನ್ನ ಮಾಡತೈತಿ: ನೀರು ಕುಡದು ಉಬ್ಬತೈತಿ, ಒಣಗಿದ್ರ ಬಿರೀತೈತಿ. ಬಣ್ಣನೂ ಕರಿ ಬರೂದಿಲ್ಲ, ಬೂದಿ ಕಲಸಿದ ಕಂದು ಬರತೈತಿ. ಕರಿ ಬೇಕಂದ್ರ ದೀಪದ ಕಾಡಿಗಿ ಹಿಡಕೊಳ್ರಿ.

ಮಣ್ಣು ಹೊಲದ ಬದುವಿನಿಂದ, ಹೊಲದವ್ರನ್ನ ಕೇಳಿ ತರ್ರಿ. ಬಾದಾಮಿ ಗುಹಾ, ಕ್ವಾಟಿ ಸುತ್ತ ಕಲ್ಲು ಕೆರಿಯೂದು, ಚೂರು ಆರಿಸೂದು ಏನೂ ಬ್ಯಾಡ. ಅವು ಸಂರಕ್ಷಿತ ಸ್ಮಾರಕ, ಕೆರದ್ರ ಅಪರಾಧ. ಮ್ಯಾಲಾಗಿ ಮರಳುಗಲ್ಲಿನಾಗ ಬಣ್ಣಕ್ಕಿಂತ ಮರಳ ಹೆಚ್ಚು, ಕುಟ್ಟಿದ್ರ ಏನೂ ದಕ್ಕೂದಿಲ್ಲ.

1 ಕಿಲೋ ಮಣ್ಣಿಗೆ 5 ಲೀಟರ್ ನೀರು. ಬಕೀಟಿನಾಗ ಕದಡಿ, 1 ನಿಮಿಷ ಬಿಡ್ರಿ. ಮರಳು ತಳಕ್ಕ ಕುಂದ್ರತೈತಿ. ಮ್ಯಾಲಿನ ಕೆಂಪು ನೀರು ಅಷ್ಟ ಇನ್ನೊಂದು ಬಕೀಟಿಗೆ ಬಗ್ಗಸ್ರಿ. ಮತ್ತ ಕದಡಿ ಈ ಸಲ 10 ನಿಮಿಷ ಬಿಟ್ಟು ಮೂರನೇ ಬಕೀಟಿಗೆ ಬಗ್ಗಸ್ರಿ. ಬಣ್ಣ ಇರೂದು ಈ ಮೂರನೇದ್ರಾಗ. ಒಂದೆರಡು ದಿನ ಅಲಗಾಡಸದ ಇಟ್ರ ತಿಳಿನೀರು ಮ್ಯಾಲ ಬರತೈತಿ, ಅದನ್ನ ಚೆಲ್ಲಿ ತಳದ ಕೆನಿಯಂಥ ಮಣ್ಣನ್ನ ಪರಾತದಾಗ ಬಿಸಲಿಗೆ ಒಣಗಸ್ರಿ. ಒಣ ಪುಡಿ ಕುಟ್ಟುವಾಗ ಮೂಗಿಗೆ ಮಾಸ್ಕ್ ಇರ್ಲಿ, ಸಣ್ಣ ಕಲ್ಲಿನ ಧೂಳು ಪುಪ್ಪಸಕ್ಕ ಕೆಟ್ಟದ್ದು.

ಅಂಟು: ಜಾಲಿ ಅಂಟು 20 ಗ್ರಾಂ, ಬಿಸಿ ನೀರು 40 ಮಿಲಿ, ರಾತ್ರಿ ನೆನಿಯಾಕ ಬಿಟ್ಟು ಬೆಳಗ್ಗೆ ಅರಿವ್ಯಾಗ ಸೋಸ್ರಿ. 1 ಚಮಚಾ (5 ಮಿಲಿ) ಜೇನು, 2 ಹನಿ ಲವಂಗದ ಎಣ್ಣಿ. ಜೇನು ಬಿರಕು ತಡೀತೈತಿ, ಲವಂಗ ಬೂಸ್ಟು ತಡೀತೈತಿ. ಕಿರಾಣಿ ಅಂಗಡ್ಯಾಗ "ಅಂಟು" ಅಂದ್ರ ಉಂಡಿಗೆ ಹಾಕೂ ತರತರದ ಅಂಟು ಕೊಡ್ತಾರ, ಪರೀಕ್ಷಾ ಮಾಡ್ರಿ: ಒಂದು ಹಳಕು ನೀರಾಗ ಹಾಕಿದ್ರ ಪೂರ್ತಿ ಕರಗಬೇಕು. ಉಬ್ಬಿ ಲೋಳಿಯಂಗ ನಿಂತ್ರ ಅದು ಬ್ಯಾರೆ ಜಾತಿ, ಬಣ್ಣಕ್ಕ ಬ್ಯಾಡ.

ಗಾಜಿನ ಹಲಗಿ ಮ್ಯಾಲ ಪುಡಿ 1 ಚಮಚಾ, ಅಂಟು 1 ಚಮಚಾ, ಸಪಾಟ ತಳದ ಗಾಜಿನ ಲೋಟದಿಂದ 10 ನಿಮಿಷ ಅರೀರಿ. ಕರಕರ ಸಪ್ಪಳ ನಿಲ್ಲಬೇಕು. ಕಾಗದಕ್ಕ ಹಚ್ಚಿ ಒಣಗಿಸಿ ಬೆರಳಲೇ ತಿಕ್ಕ್ರಿ. ಬೆರಳಿಗೆ ಬಂದ್ರ ಅಂಟು ಕಡಿಮಿ, ಮಿಂಚಿ ಬಿರದ್ರ ಅಂಟು ಹೆಚ್ಚು. ಸರಿ ಆದ್ರ ಬಾಟ್ಲಿ ಮುಚ್ಚಳದಾಗ ಮೂರು ಪದರ ತುಂಬ್ರಿ, ಒಂದು ಪದರ ಒಣಗಿದ ಮ್ಯಾಲ ಇನ್ನೊಂದು. ಒಮ್ಮೆಲೇ ತುಂಬಿದ್ರ ನಡುವ ಸೀಳತೈತಿ.

ಕುಸುಬಿನೂ ಕೇಳೀರಿ. ಒಣಗಿದ ಪಕಳಿ 50 ಗ್ರಾಂ ಅರಿವ್ಯಾಗ ಕಟ್ಟಿ ತಣ್ಣೀರಾಗ ಹಿಂಡ್ರಿ, ಹಳದಿ ಬರೂದು ನಿಲ್ಲೂತನ ನೀರು ಬದಲಸ್ರಿ. ಆಮ್ಯಾಲ 1 ಲೀಟರ್ ತಣ್ಣೀರಿಗೆ 1 ಚಮಚಾ ವಾಶಿಂಗ್ ಸೋಡಾ ಹಾಕಿ, ಆ ಗಂಟು ಒಂದು ತಾಸು ನೆನಿ ಇಟ್ಟು ಹಿಂಡ್ರಿ. ಆ ನೀರಿಗೆ ಲಿಂಬಿ ರಸ ಹಾಕೋಂತ ಹೋದ್ರ ನೊರಿ ಬರತೈತಿ, ನೊರಿ ನಿಂತಾಗ ಗುಲಾಬಿ ಕೆಂಪು ತಿರಗತೈತಿ. ಬಿಳಿ ಹತ್ತಿ ಅರಿವಿ ಅದರಾಗ ಅದ್ದಿದ್ರ ಬಣ್ಣ ಹೀರತೈತಿ. ಕಾಸೂದು ಬ್ಯಾಡ, ಕಾವಿಗೆ ಕೆಂಪು ಕೆಡತೈತಿ. ಬಿಸಲಿಗೂ ಬಾಳೂದಿಲ್ಲ, ಅರಿಷಿಣದಂಗ. ವಹಿಯೊಳಗಿನ ಹಾಳಿಗೆ ಆತು, ಗೋಡಿಗೆ ತೂಗ ಹಾಕೂ ಚಿತ್ರಕ್ಕ ಬ್ಯಾಡ.

ಮಸಾರಿ_ಹೊಲ (ಬಾಗಲಕೋಟೆ)

ಭಾಳ ಉಪಕಾರ ಆತ್ರಿ. ಇನ್ನೊಂದು: ಗಾಢ ನೀಲಿ ಮ್ಯಾಲ ಕಸೂತಿ ಬಿಳಿ ಗೆರಿ ಬೇಕಂದ್ರ ಕಾಗದ ಬಿಡೂದು ಆಗೂದಿಲ್ಲಲ್ಲ? ಮತ್ತ ಅರಿಷಿಣ ಎಷ್ಟು ದಿನ ನಿಲ್ಲತೈತಿ ಅನ್ನೂದು ಹೆಂಗ ತಿಳಕೊಳ್ಳೂದು?

ಹಾಸು_ಹೊಕ್ಕು (ಇಳಕಲ್)

ಅಲ್ಲಿ ಬಿಳಿ ಹಚ್ಚೂದ ಸರಿ. ಟೈಟಾನಿಯಂ ಬಿಳಿ ಗೌಷ್ (ಕೆಳಗಿನ ಬಣ್ಣ ಮುಚ್ಚೂ ದಪ್ಪ ಜಲವರ್ಣ) ತಗೋರಿ, ಚೈನೀಸ್ ವೈಟ್ ಅಂದ್ರ ಸತುವಿಂದು, ತೆಳು, ಕೆಳಗಿನ ನೀಲಿ ಇಣಕತೈತಿ. ಮೊಸರಿಗಿಂತ ತೆಳು, ಹಾಲಿಗಿಂತ ಗಟ್ಟಿ ಇರ್ಬೇಕು. ನೀಲಿ ಪೂರ್ತಿ ಒಣಗಿರ್ಬೇಕು, ಬ್ರಷ್ ಒಂದ ಸಲ ಎಳದು ಎತ್ರಿ. ತಿಕ್ಕಿದ್ರ ನೀಲಿ ಎದ್ದು ಬಿಳಿ ಆಕಾಶಬಣ್ಣ ಆಗತೈತಿ.

ಕಸೂತಿ ಎಳಿ ಎಣಿಸಿ ಹಾಕೂದಲ್ರಿ, ಹಂಗಾಗಿ 2 ಮಿ.ಮೀ. ಚೌಕದ ಗ್ರಾಫ್ ಹಾಳಿ ಮ್ಯಾಲ ಮೊದಲು ಗುರ್ತು ಹಾಕ್ರಿ. ಗವಂತಿ ನೇರ ಗೆರಿ, ಮುರ್ಗಿ ಮೆಟ್ಟಲಾ ಮೆಟ್ಟಲಾ ಏರೂ ಗೆರಿ, ಮೆಂತಿ ಅಡ್ಡಗತ್ತರಿ. ಒಂದ ಗೋಪುರದ ಕಸೂತಿ ನಮೂನಿಯನ್ನ ಆರು ಬ್ಯಾರೆ ಬ್ಯಾರೆ ನೆಲದ ಬಣ್ಣದ ಮ್ಯಾಲ ಒಂದ ಕೆಂಪಿನಾಗ ಬರೀರಿ. ಕೆಂಪು ಒಂದ, ಆದ್ರ ಆರು ಕೆಂಪು ಕಾಣತಾವ.

ಕರಿಕಲ್ಲು_ಗುಮ್ಮಟ (ವಿಜಯಪುರ)

ಅರಿಷಿಣದ ಪರೀಕ್ಷೆ: ಪ್ರತಿ ಬಣ್ಣದ 3 ಸೆಂ.ಮೀ. ಪಟ್ಟಿ ಬಳಿದು, ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ದಕ್ಷಿಣದ ಕಿಟಕಿಗೆ ಅಂಟಿಸಿ. ವಾರಕ್ಕೊಮ್ಮೆ ಫಾಯಿಲ್ ಸರಿಸಿ ನೋಡಿ ತಾರೀಖು ಬರೆಯಿರಿ. ಟ್ಯೂಬಿನ ಬಣ್ಣಗಳಿಗೂ ಮಾಡಿ, ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಇದ್ದರೆ ವಿಶೇಷವಾಗಿ. ಚೆಂದದ ಕೆಂಪೇನೋ ಹೌದು, ಬೆಳಕಿಗೆ ಮಾಸುವುದರಲ್ಲಿ ಹೆಸರುವಾಸಿ.

ಅಂಟಿನುಂಡಿ (ಬೆಳಗಾವಿ)

ಮುಚ್ಚಳದ ಬಣ್ಣ ನಮ್ಮ ಕಡೆ ಮಳಿಗಾಲದಾಗ ಬೂಸ್ಟು ಹಿಡೀತಾವ, ನಿಮ್ಮ ಕಡೆ ಅಷ್ಟು ಚಿಂತಿ ಇಲ್ಲ. ಆದ್ರೂ ಹಸಿ ಇದ್ದಾಗ ಡಬ್ಬಿ ಮುಚ್ಚಬ್ಯಾಡ್ರಿ. ಬಿಳಿ ಬೂಸ್ಟು ಮ್ಯಾಲ ಅಷ್ಟ ಇದ್ರ ಕೆರದು ತಗದು ಲವಂಗದ ಎಣ್ಣಿ ಒರಸ್ರಿ. ಒಳಗ ಇಳದು ವಾಸನಿ ಹೊಡದ್ರ ಆ ಮುಚ್ಚಳ ಒಗದಬಿಡ್ರಿ, ಮಣ್ಣಿಗೇನು ಬರಗಾಲ.