ಆರ್‌ಸಿ ಬೇರೆಯವರ ಹೆಸರಲ್ಲಿ, ಕಾರು ನಮ್ಮ ಕೈಯಲ್ಲಿ: ಇನ್ಶೂರೆನ್ಸ್ ಯಾರ ಹೆಸರಿಗೆ?

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಕಾರು. ದುಡ್ಡು ಕೊಟ್ಟಾಗಿದೆ, ಕೀ ಕೈಗೆ ಬಂದಿದೆ, ಆರ್‌ಸಿ (ಗಾಡಿಯ ನೋಂದಣಿ ಪತ್ರ) ಮಾತ್ರ ಇನ್ನೂ ಮಾರಿದವರ ಹೆಸರಲ್ಲೇ ಇದೆ. ಪಾಲಿಸಿ ಮುಂದಿನ ವಾರ ಮುಗಿಯುತ್ತೆ. ಹೊಸ ಪಾಲಿಸಿ ಕೊಂಡವರ ಹೆಸರಿಗೇ ಮಾಡಿಸಬಹುದಾ? ಆನ್‌ಲೈನಲ್ಲಿ ಹೆಸರು ಬದಲಿಸಿದರೆ ತಗೊಳ್ತಿದೆ.

ಉತ್ತರ 1:
ತಗೊಳ್ಳುತ್ತೆ ಅಂತ ದುಡ್ಡು ಕಟ್ಟಬೇಡಿ. ಕ್ಲೇಮ್ ಹಾಕಿದಾಗ ಮೊದಲು ಕೇಳೋ ಕಾಗದವೇ ಆರ್‌ಸಿ. ಅದರಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ನಿಮ್ಮ ಗಾಡಿಯ ರಿಪೇರಿ ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಈಗ ಮಾರಿದವರ ಹೆಸರಲ್ಲೇ ರಿನ್ಯೂ ಮಾಡಿಸಿ. ಪಾಲಿಸಿ ಮುಗಿದುಹೋದರೆ ಆರ್‌ಟಿಒದಲ್ಲಿ ವರ್ಗಾವಣೆಯೂ ಆಗಲ್ಲ, ಚಾಲ್ತಿ ಇನ್ಶೂರೆನ್ಸ್ ಕೇಳೇ ಕೇಳ್ತಾರೆ. ಜೊತೆಗೇ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ ಹಾಕಿಸಿ ಆರ್‌ಟಿಒಗೆ ಕೊಡಿ. ಆ ಪ್ರತಿಗಳು, ಮಾರಾಟ ಪತ್ರ, ಪಾಲಿಸಿ ಇಟ್ಟುಕೊಂಡು ಇನ್ಶೂರೆನ್ಸ್ ಕಂಪನಿಗೆ ಹೆಸರು ಬದಲಾವಣೆಯ ಅರ್ಜಿ ಹಾಕಿ. ಮಾರಾಟದ ದಿನದಿಂದ 14 ದಿನದೊಳಗೆ ಹಾಕಬೇಕು.

ಮೋಟಾರು ವಾಹನ ಕಾಯ್ದೆ 1988ರ 157ನೇ ಕಲಂ ಪ್ರಕಾರ ಪಾಲಿಸಿ ತಾನಾಗಿ ಕೊಂಡವರಿಗೆ ಬರುತ್ತಲ್ಲ ಅಂತ ಬಹಳ ಜನ ಸುಮ್ಮನಿರ್ತಾರೆ. ಅದು ಥರ್ಡ್ ಪಾರ್ಟಿಗೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ. ನಿಮ್ಮ ಬಂಪರ್ ಒಡೆದರೆ ಆ ಕಲಂ ಕೈ ಹಿಡಿಯಲ್ಲ.

ಉತ್ತರ 2:
ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ) ಮರೀಬೇಡಿ. ಅದು ಕಾರಿನದ್ದಲ್ಲ, ಮಾರಿದವರದ್ದು. ಹೆಸರು ಬದಲಾದ ದಿನದಿಂದ ಉಳಿದ ಅವಧಿಗೆ ಆ ರಿಯಾಯಿತಿಯನ್ನ ನೀವು ವಾಪಸ್ ಕಟ್ಟಬೇಕು. ಓಡಿ (ಓನ್ ಡ್ಯಾಮೇಜ್, ನಿಮ್ಮ ಗಾಡಿಯ ಹಾನಿಯ) ಪ್ರೀಮಿಯಂ 8,000 ಇದ್ದು 50% ಎನ್‌ಸಿಬಿಯಲ್ಲಿ 4,000 ಕಟ್ಟಿದ್ದರೆ, ಆರು ತಿಂಗಳು ಉಳಿದಿರುವಾಗ ಸುಮಾರು 2,000 ಬೀಳುತ್ತೆ. ತೆರಿಗೆ ಬೇರೆ.

ಮಾರಿದವರು ಸಹಿಗೆ ಸತಾಯಿಸಿದರೆ ಒಂದು ಮಾತು ಹೇಳಿ: ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿದೆ. ಕಾರು ಕೊಟ್ಟು ಎಷ್ಟು ವರ್ಷವಾಗಿದ್ದರೂ ನೋಟಿಸ್ ಅವರ ಮನೆಗೇ ಬರುತ್ತೆ.

ಉತ್ತರ 3:
ಅಪ್ಪನ ಹೆಸರಿನ ಕಾರು ಮಗ ಓಡಿಸ್ತಾನೆ ಅನ್ನೋರಿಗೆ ಈ ಓಡಾಟ ಯಾವುದೂ ಬೇಡ. ಪಾಲಿಸಿ ಅಪ್ಪನ ಹೆಸರಲ್ಲೇ ಇರಲಿ. ಚಾಲ್ತಿ ಲೈಸೆನ್ಸ್ ಇರುವ ಯಾರು ಅವರ ಒಪ್ಪಿಗೆಯಿಂದ ಓಡಿಸಿದರೂ ಕವರ್ ಇದೆ. ಆದರೆ 15 ಲಕ್ಷದ ವೈಯಕ್ತಿಕ ಅಪಘಾತ ಕವರ್ ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ, ಮಗನಿಗೆ ಸಿಗಲ್ಲ. ಬೇಕಿದ್ದರೆ ಅವನು ತನ್ನ ಹೆಸರಲ್ಲಿ ಬೇರೆ ಅಪಘಾತ ಪಾಲಿಸಿ ಮಾಡಿಸಿಕೊಳ್ಳಬಹುದು.

ಮಾಲೀಕರು ತೀರಿಕೊಂಡಿದ್ದರೆ ಲೆಕ್ಕ ಬೇರೆ. ಪಾಲಿಸಿ ಅಲ್ಲಿಂದ 3 ತಿಂಗಳು ಇಲ್ಲವೇ ಅದರ ಅವಧಿ ಮುಗಿಯೋವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಮಾತ್ರ ನಡೆಯುತ್ತೆ. 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆ 3 ತಿಂಗಳೊಳಗೇ ಮರಣ ಪ್ರಮಾಣಪತ್ರದ ಜೊತೆ ವಾರಸುದಾರರ ಹೆಸರಿಗೆ ವರ್ಗಾಯಿಸೋ ಫಾರಂ 31 ಕೊಡಿ. ಮನೆಯಲ್ಲಿ ಯಾರಿಗೂ ಕಾಗದದ ಕಡೆ ಗಮನ ಇರದ ಹೊತ್ತಲ್ಲೇ ಈ ಗಡುವು ದಾಟಿಹೋಗೋದು.