ಹಳೇ ಟಾಟಾ ಏಸ್ ನೋಡೋಕ್ ಹೋಗೋ ಮುಂಚೆ

ತಮ್ಮಾ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ಯಲ್ಲ, ಯಶವಂತಪುರ ಎಪಿಎಂಸಿಯಿಂದ ಈರುಳ್ಳಿ ಹೊಡೆಯೋಕೆ 2009ರ ಟಾಟಾ ಏಸ್ ನೋಡಿದೀನಿ, ಓನರ್ರು ‘ಸ್ವಲ್ಪ ಬಿಸಿ ಆಗುತ್ತೆ ಅಷ್ಟೇ’ ಅಂತಾರೆ, ತಗೊಳ್ಳಬಹುದಾ ಅಂತ. ಆ ಬಿಸೀನೇ ಮೊದ್ಲು ನೋಡ್ಬೇಕಾದ್ದು. ಈ ಗಾಡಿ ವಯಸ್ಸಾಗಿ ಸಾಯಲ್ಲ, ಕಾದು ಸಾಯುತ್ತೆ, ಇಲ್ಲಾ ಲೋಡಿಗೆ ಸಾಯುತ್ತೆ.

ನೆನಪಿಟ್ಕೊ, ಇದು 702 ಸಿಸಿ, ಎರಡೇ ಸಿಲಿಂಡರು, 16 ಎಚ್‌ಪಿ, ನಾಲ್ಕು ಗೇರು. ಹಳೇ ಇಂಡಿಕಾ ಡೀಸೆಲ್ ಇಂಜಿನ್ನನ್ನ ಅರ್ಧ ಮಾಡಿದ ಹಾಗೆ, ಬೋರು (ಸಿಲಿಂಡರಿನ ಅಗಲ), ಸ್ಟ್ರೋಕು (ಪಿಸ್ಟನ್ ಓಡೋ ದೂರ) ಎರಡೂ ಅದೇ. ಕಂಪನಿ ಕೊಟ್ಟಿರೋ ಲೋಡು 750 ಕೆಜಿ. 50 ಕೆಜಿ ಮೂಟೆ ಲೆಕ್ಕದಲ್ಲಿ 15 ಮೂಟೆ, ಅಷ್ಟೇ. ಮಾರ್ಕೆಟ್ಟಲ್ಲಿ ಅದರ ಎರಡರಷ್ಟು ತುಂಬ್ತಾರೆ, ನೀನು ನೋಡಿರ್ತೀಯ.

ನಾಳೆ ಹೋಗೋಕ್ ಮುಂಚೆ ಫೋನ್ ಮಾಡಿ, ‘ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ’ ಅಂತ ಹೇಳು. ಇಂಜಿನ್ ಸೀಟಿನ ಕೆಳಗಿದೆ, ಸೀಟ್ ಎತ್ತಿ ಕೈಯಿಟ್ಟು ನೋಡು, ತಣ್ಣಗಿರ್ಬೇಕು. ಬೆಚ್ಚಗಿದ್ರೆ ನಿನಗೋಸ್ಕರ ಮೊದಲೇ ಓಡಿಸಿ ಇಟ್ಟಿದಾರೆ ಅಂತ. ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗಿ. ಬಿಸಿ ಇದ್ದಾಗ ಮಾತ್ರ ಮುಟ್ಟಲೇಬೇಡ, ಕೈ ಸುಟ್ಟೋಗುತ್ತೆ. ಒಳಗೆ ಹಸಿರೋ ಕೆಂಪೋ ಕೂಲೆಂಟ್ ಇರ್ಬೇಕು. ತುಕ್ಕಿನ ನೀರಿದ್ರೆ ಬೋರ್‌ವೆಲ್ ನೀರೇ ಹಾಕೊಂಡ್ ಓಡಿಸಿದಾರೆ ಅಂತ ತಿಳ್ಕೊ. ನಮ್ಮೂರ ಬೋರ್ ನೀರು ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಟ್ಯೂಬಲ್ಲೂ ಕಟ್ಟುತ್ತೆ. ಮೇಲೆ ಆಯಿಲ್ ಪದರ ತೇಲ್ತಿದ್ರೆ ಅಲ್ಲೇ ನಮಸ್ಕಾರ ಹೇಳಿ ಬಾ.

ಕ್ಯಾಪ್ ಹಾಗೇ ತೆಗೆದಿಟ್ಟು ಸ್ಟಾರ್ಟ್ ಮಾಡ್ಸು. ಶುರುವಲ್ಲಿ ಒಂದೆರಡು ಗುಳ್ಳೆ ಬಂದ್ರೆ ಅದು ಗಾಳಿ, ಚಿಂತೆ ಇಲ್ಲ. ನಿಲ್ಲದೆ ಬರ್ತಾನೇ ಇದ್ರೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ ಆದ್ರೆ, ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯದ ಸೀಲು, ಹೋಗಿದೆ. ಬರೀ ಗ್ಯಾಸ್ಕೆಟ್ ಬದಲಾಯಿಸಿದ್ರೆ ಸಾಲದು, ಹೆಡ್ ಬೆಂಡಾಗಿದ್ಯಾ ಅಂತ ಲೇಥಲ್ಲಿ ನೋಡಿಸಿ ಫೇಸಿಂಗ್ ಹೊಡೆಸ್ಬೇಕು. ಆಮೇಲೆ ಕೇಳು, ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೇ ಕೂಲೆಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ಇದ್ಯಾ ಅಂತ. ಬಿಸಿ ಆಗುತ್ತೆ ಅಂದ ತಕ್ಷಣ ಅದನ್ನ ಕಿತ್ತು ಬಿಸಾಕೋದು ಒಂದು ಕೆಟ್ಟ ಅಭ್ಯಾಸ. ಅದಿಲ್ಲದೆ ಇಂಜಿನ್ ಸರಿಯಾದ ಶಾಖಕ್ಕೇ ಬರಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಸಿಲಿಂಡರ್ ಬೋರ್ ಬೇಗ ಸವೆಯುತ್ತೆ. ನೀನು ತಗೊಂಡ್ರೆ ಹೊಸದು ಹಾಕ್ಸು, ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಅರ್ಧ ತುಂಬ್ಸು, ಏರ್ ಪೂರ್ತಿ ತೆಗೆಸು.

ಓಡ್ತಿರುವಾಗಲೇ ಆಯಿಲ್ ಹಾಕೋ ಕ್ಯಾಪ್ ಬಿಚ್ಚಿ ಬಾಯಿ ಮೇಲೆ ತಲೆಕೆಳಗಾಗಿ ಇಡು. ಸುಮ್ನೆ ಅದುರಿದ್ರೆ ಪರ್ವಾಗಿಲ್ಲ. ಹೊಗೆ ಬುಸುಬುಸು ಬಂದು ಕ್ಯಾಪ್ ಎಗರಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಇಂಜಿನ್ ಕೆಲಸ ಬರುತ್ತೆ.

ಬೆಳಿಗ್ಗೆ ಚಳೀಲಿ ಸ್ಟಾರ್ಟಾಗೋಕೆ ಒದ್ದಾಡಿ ಬಿಳಿ ಹೊಗೆ ಬಿಟ್ರೆ ತಕ್ಷಣ ಡೀಸೆಲ್ ಪಂಪ್ ಕೆಲಸ ಅಂತ ಹೆದರ್ಬೇಡ. ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್ ಎರಡೇ ಇರೋದು, ಒಂದು ಸತ್ರೆ ಅರ್ಧ ಇಂಜಿನ್ನೇ ತಣ್ಣಗೆ. ವೈರ್ ಬಿಚ್ಚಿ ಮಲ್ಟಿಮೀಟರಲ್ಲಿ ಪ್ಲಗ್ ತಲೆಯಿಂದ ಬಾಡಿಗೆ ನೋಡು, 1 ಓಮ್ ಆಸುಪಾಸು ತೋರ್ಸಿದ್ರೆ ಚೆನ್ನಾಗಿದೆ, ಏನೂ ತೋರಿಸದಿದ್ರೆ ಸುಟ್ಟಿದೆ.

ವಾಲ್ವ್‌ಗಳನ್ನ ಪಿಸ್ಟನ್ ತಾಳಕ್ಕೆ ಸರಿಯಾಗಿ ಓಡಿಸೋ ಟೈಮಿಂಗ್ ಬೆಲ್ಟ್ ಬಗ್ಗೆ ಯಾರ ಬಾಯಿಮಾತೂ ನಂಬ್ಬೇಡ. ಬದಲಾಯಿಸಿದ ಬಿಲ್ ತೋರಿಸದಿದ್ರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಅದು ಕಿತ್ತೋದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಹೊಡೆಯುತ್ತೆ, ಹೆಡ್ಡೇ ಹೋಗುತ್ತೆ. ಬೆಲ್ಟ್ ಜೊತೆ ಟೆನ್ಷನರ್ ಬೇರಿಂಗ್ ಹಾಕ್ಸು. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಒಸರ್ತಿದ್ರೆ ಅವನ್ನೂ, ಆಯಿಲ್ ಬಿದ್ರೆ ಹೊಸ ಬೆಲ್ಟೂ ಬಾಳಲ್ಲ.

ಇನ್ನು ಕೆಳಗೆ ಮಲಗಿ ನೋಡು. ಹಿಂದಿನ ಕಮಾನು ಪಟ್ಟೆ ಎಷ್ಟಿವೆ, ಎರಡೂ ಕಡೆ ಒಂದೇ ಲೆಕ್ಕ ಇದ್ಯಾ ಎಣಿಸು. ಎಕ್ಸ್‌ಟ್ರಾ ಪಟ್ಟೆ ಹಾಕ್ಸಿದ್ರೆ ಓವರ್‌ಲೋಡ್ ಗಾಡಿ. ಶ್ಯಾಕಲ್ (ಪಟ್ಟೆಯ ತುದೀನ ಚಾಸಿಗೆ ಜೋಡಿಸೋ ಕೊಂಡಿ) ಕೂರೋ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಮಾಡಿ ಕಪ್ಪು ಪೇಂಟ್ ಬಳಿದಿದ್ರೆ ರೇಟ್ ಎಷ್ಟೇ ಇಳಿಸಿದ್ರೂ ಬೇಡ.

ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡ್ಸು. ಆಟ (ಸಡಿಲ) ಇದ್ರೆ ಇನ್ನೊಬ್ಬರ ಕೈಲಿ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡ್ಸು. ಆಟ ನಿಂತ್ರೆ ಬೇರಿಂಗು, ನಿಲ್ಲದಿದ್ರೆ ಕಿಂಗ್ ಪಿನ್ನು (ಮುಂದಿನ ಚಕ್ರ ತಿರುಗೋಕೆ ಆಧಾರವಾಗಿರೋ ಪಿನ್ನು). ಕಿಂಗ್ ಪಿನ್ ಹೆಚ್ಚಾಗಿ ಹೋಗೋದು ಗ್ರೀಸ್ ಹೊಡೆಸದೆ.

ಕ್ಲಚ್ಚಿಗೆ ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು ಮೂರನೇ ಗೇರಲ್ಲಿ ನಿಧಾನವಾಗಿ ಬಿಡು. ಇಂಜಿನ್ ಆಫ್ ಆದ್ರೆ ಕ್ಲಚ್ ಪ್ಲೇಟ್ ಇನ್ನೂ ಚೆನ್ನಾಗಿದೆ. ಆಗದೆ ಹಾಗೇ ಓಡ್ತಿದ್ರೆ ಲೋಡ್ ಹಾಕೊಂಡು ಗೊರಗುಂಟೆಪಾಳ್ಯ ಫ್ಲೈಓವರ್ ಹತ್ತೋವಾಗ ಕೈಕೊಡುತ್ತೆ.

ಪೇಪರಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ನೋಡು, 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಆಗ್ಬೇಕು. ಆರ್‌ಸೀಲಿ ಸಾಲ ಇನ್ನೂ ಕಾಣ್ತಿದ್ರೆ ಫಾರಂ 35 (ಸಾಲ ತೀರಿದೆ ಅಂತ ಆರ್‌ಸೀಲಿ ತೆಗೆಸೋ ಫಾರಂ) ಮತ್ತೆ ಸಾಲ ಕೊಟ್ಟವರ ಎನ್‌ಒಸಿ ಕೈಗೆ ಬಂದ ಮೇಲೇನೇ ಪೂರ್ತಿ ದುಡ್ಡು. ಪಾರ್ಟ್ಸ್‌ಗೆ ಜೆಸಿ ರೋಡಿಗೆ ಹೋಗೋವಾಗ ಚಾಸಿ ನಂಬರ್ ಫೋಟೋ ಮತ್ತೆ ಬಿಚ್ಚಿದ ಹಳೇ ಪಾರ್ಟ್ ಎರಡೂ ತಗೊಂಡೋಗು, ಪಕ್ಕಪಕ್ಕ ಇಟ್ಟು ನೋಡಿನೇ ದುಡ್ಡು ಕೊಡು. ಕೂಲೆಂಟ್ ಗುಳ್ಳೆದು ಮಾತ್ರ ವಿಡಿಯೋ ಮಾಡಿ ಇಲ್ಲೇ ಹಾಕು, ನೋಡಿ ಹೇಳ್ತೀನಿ.